ಕರಬೂಜದ ಹೊಲದ ಯಜಮಾನಿ

ಮೊದಲ ಗುಂಡು ಹೇಸರಗತ್ತೆಗೆ ಬಿತ್ತು. ದೆಲ್ಫಿನಾ ಆಗ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದರೆ, ಕರಬೂಜ ತುಂಬಿದ ಗಾಡಿಯ ಮುಂದೆ ಹೇಸರಗತ್ತೆ ಮುಂಗಾಲು ಮಡಚಿ ಕುಸಿಯುತ್ತಿತ್ತು. ಕುತ್ತಿಗೆಯಿಂದ ಚಿಮ್ಮಿದ ರಕ್ತ ಹಣ್ಣುಗಳ ಮೇಲೆಲ್ಲ ಬಿದ್ದಿತ್ತು. ಕಾಲುವೆಯ ಏರಿಯ ಮೇಲೆ ಪಕ್ಕದ ಹೊಲದ ಹಾರ್ಲನ್ ಟ್ಯಾಗರ್ಟ್ ಕುದುರೆ ಮೇಲೆ ಕೂತು ಬಂದೂಕಿಗೆ ಇನ್ನೊಂದು ತೋಟಾ ತುಂಬುತ್ತಿದ್ದ. ಅವನ ಹಿಂದೆ ಇನ್ನೂ ಮೂರು ಕುದುರೆಗಳು, ಮೂವರು ಆಳುಗಳು.

"ಗಂಡನಿಗೆ ಹೇಳು," ಎಂದ ಟ್ಯಾಗರ್ಟ್. "ನಾವು ಹೋಗಿ ಉಂಡ್ಕೊಂಡು ಬರ್ತೀವಿ. ಅಷ್ಟೊತ್ತಿಗೆ ಈ ಹೊಲದಲ್ಲಿ ನಿಮ್ಮ ನೆರಳೂ ಇರಬಾರದು."

"ಹೊಲ ನಂದು. ನನ್ನ ಹೆಸರಲ್ಲಿದೆ."

"ಇದ್ರೆ ಏನು ಬಂತು? ನೀನು ಅಮೆರಿಕದವಳೇ ಅಲ್ಲವಲ್ಲ ಕಣಮ್ಮ. ಆ ಮುಂಡಾಸಿನವನ ಪಕ್ಕ ಮಲಗಿದ ದಿನಾನೇ ಹೋಯ್ತು ಅದು."

ಆಳುಗಳು ನಕ್ಕರು. ಕುದುರೆಗಳು ತಿರುಗಿ ಹೋದವು. ಹೇಸರಗತ್ತೆ ಇನ್ನೂ ಸಾಯದೆ ಕಾಲು ಝಾಡಿಸುತ್ತಿತ್ತು. ದೆಲ್ಫಿನಾ ಅದರ ಕಿವಿಯ ಹತ್ತಿರ ಕೂತು, ಪ್ರಾಣ ಹೋಗುವವರೆಗೂ ಹಣೆ ಸವರಿದಳು.

ಟ್ಯಾಗರ್ಟ್ ಹೇಳಿದ್ದು ಬೈಗುಳದಂತೆ ಕೇಳಿಸುತ್ತದೆ. ಅದು ಬೈಗುಳವಲ್ಲ, ಆ ದೇಶದ ಕಾನೂನು. ಬೈಗುಳವಾಗಿದ್ದರೆ ಒಂದು ಏಟಿಗೆ ಮುಗಿದುಹೋಗುತ್ತಿತ್ತು.

ಮೆಹತಾಬ್ ಸಿಂಗ್ ಪಂಜಾಬಿನ ಹಳ್ಳಿ ಬಿಟ್ಟು ಹಡಗು ಹತ್ತಿದಾಗ ಅಮೆರಿಕದ ಬಾಗಿಲು ತೆರೆದಿತ್ತು. ಉತ್ತರದ ಕಾಡಿನಲ್ಲಿ ಮರ ಕೊಯ್ಯಲು ತೋಳುಗಳು ಬೇಕಿದ್ದವು, ತೋಳಿನ ಬಣ್ಣ ಯಾರೂ ಕೇಳಲಿಲ್ಲ. ಎರಡೇ ವರ್ಷಕ್ಕೆ ಅದೇ ಊರಿನ ಜನ ದೊಣ್ಣೆ ಹಿಡಿದು ಬಂದು, ಮಲಗಿದ್ದವರನ್ನು ಕೂದಲು ಹಿಡಿದು ಬೀದಿಗೆ ಎಳೆದರು. ಮೆಹತಾಬನ ಮುಂದಿನ ಎರಡು ಹಲ್ಲು ಅವತ್ತು ಹೋದವು. ಅವನು ದಕ್ಷಿಣಕ್ಕೆ ಓಡಿ ಬಂದು ರೈಲು ಹಳಿ ಹಾಕಿದ, ಕೊನೆಗೆ ಮೆಕ್ಸಿಕೋ ಗಡಿಯ ಈ ಮರಳುಗಾಡಿಗೆ ಬಂದ. ಇಲ್ಲಿಗೆ ಆಗಷ್ಟೇ ನದಿಯ ನೀರು ತಂದಿದ್ದರು. ಅಷ್ಟರಲ್ಲಿ ಸರ್ಕಾರ ನಕ್ಷೆಯ ಮೇಲೊಂದು ಗೆರೆ ಎಳೆದು, ಹಿಂದೂಸ್ತಾನದವರು ಇನ್ನು ಬರುವಂತಿಲ್ಲ ಎಂದಿತು. ಆಮೇಲೆ ಒಬ್ಬ ನ್ಯಾಯಾಧೀಶರಿಗೆ ಇವನ ದುಡಿಮೆ ಮೆಚ್ಚುಗೆಯಾಗಿ ಪೌರತ್ವ ಕೊಟ್ಟರು. ಆ ಧೈರ್ಯದಲ್ಲೇ ಅವನು ಮರಳುದಿಬ್ಬ ಕೊಂಡು, ಮಟ್ಟ ಮಾಡಿ, ಹೊಲ ಮಾಡಿದ. ಮೊದಲ ವರ್ಷದ ಕರಬೂಜ ಕಾಯಿ ಕಟ್ಟುವ ಹೊತ್ತಿಗೆ ದೊಡ್ಡ ನ್ಯಾಯಾಲಯ, ಹಿಂದೂಸ್ತಾನದವರು ಬಿಳಿಯರಲ್ಲ, ಕೊಟ್ಟ ಪೌರತ್ವ ವಾಪಸ್ಸು ಕೊಡಿ ಎಂದಿತು. ಪೌರನಾಗಲಾರದವನು ಹೊಲ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಕರೆದರು, ಹೊಡೆದರು, ಬಾಗಿಲು ಹಾಕಿದರು, ಅಪ್ಪಿಕೊಂಡರು, ಮತ್ತೆ ನೂಕಿದರು. ಗಳಿಗೆಗೊಂದು ಬುದ್ಧಿಯ ಅತ್ತೆಯೂ ಸೊಸೆಯ ಮೇಲೆ ಇಷ್ಟು ಸಲ ಮನಸ್ಸು ಬದಲಿಸುವುದಿಲ್ಲ.

ದೆಲ್ಫಿನಾ ಅವನ ಹೊಲಕ್ಕೆ ಹತ್ತಿ ಬಿಡಿಸಲು ಬರುತ್ತಿದ್ದವಳು. ಮೆಕ್ಸಿಕೋದವರ ಮಗಳಾದರೂ ಹುಟ್ಟಿದ್ದು ಗಡಿಯ ಈಚೆಗೆ, ಎಲ್ ಪಾಸೋದಲ್ಲಿ. ಆದ್ದರಿಂದ ಅಮೆರಿಕದವಳು. ಅವರಿಬ್ಬರ ನಡುವೆ ಮಾತು ಶುರುವಾಗಿದ್ದು ಮೆಣಸಿನಕಾಯಿಯ ಮೇಲೆ, ಯಾರ ಊರಿನದು ಹೆಚ್ಚು ಖಾರ ಎಂದು. ಹೊಲ ಹೋಗುವ ಸುದ್ದಿ ಬಂದಾಗ ಅವಳೇ ಹೇಳಿದ್ದಳು, "ನನ್ನ ಹೆಸರಿಗೆ ಬರೆದಿಡು. ಮದುವೆ ಆಮೇಲೆ ನೋಡೋಣ. ನಾನೇನು ಹೊಲ ಹೊತ್ಕೊಂಡು ಓಡಿಹೋಗ್ತೀನಾ?"

ಮೆಹತಾಬ್ ಒಪ್ಪಲಿಲ್ಲ. "ಮದುವೆಯಾಗದೆ ಹೊಲ ಬರೆದುಕೊಟ್ರೆ ಜನ ನಿನ್ನನ್ನ ಏನಂತಾರೆ ಗೊತ್ತಾ? ಇಟ್ಕೊಂಡವಳು ಅಂತಾರೆ. ನಮ್ಮೂರಲ್ಲಿ ಆ ಮಾತಿಗೆ ತಲೆ ಉರುಳುತ್ತೆ. ಮೊದಲು ನನ್ನ ಹೆಂಡತಿ, ಆಮೇಲೆ ಹೊಲದ ಯಜಮಾನಿ."

ಮರ್ಯಾದಸ್ಥರ ಲೆಕ್ಕ ಅದು. ಮರ್ಯಾದೆಗೆಟ್ಟವನೊಬ್ಬ ಹಾಗೆಯೇ ಬರೆದುಕೊಟ್ಟು ಸುಮ್ಮನಿದ್ದಿದ್ದರೆ ಹೊಲ ಉಳಿಯುತ್ತಿತ್ತು. ಶನಿವಾರ ಚರ್ಚಿನಲ್ಲಿ ಮದುವೆಯಾದರು, ಸೋಮವಾರ ಹೊಲ ಬರೆಸಿದರು. ಪೌರನಾಗಲಾರದ ಗಂಡಸನ್ನು ಕಟ್ಟಿಕೊಂಡ ಹೆಣ್ಣು ತನ್ನ ಪೌರತ್ವವನ್ನೂ ಕಳೆದುಕೊಳ್ಳುತ್ತಾಳೆ ಎಂದು ಪಾದ್ರಿಗೂ ಗೊತ್ತಿರಲಿಲ್ಲ. ಕಾಲುವೆಯ ಬಾಯಿ ಈ ಹೊಲದಲ್ಲಿದ್ದುದರಿಂದ ಇದರ ಮೇಲೆ ಕಣ್ಣಿಟ್ಟು ಕಾನೂನು ಕೆದಕಿದ್ದ ಟ್ಯಾಗರ್ಟನಿಗೆ ಮಾತ್ರ ಗೊತ್ತಿತ್ತು.

ಪೇಟೆಯ ವಕೀಲ ಪೀಬಾಡಿ ಇದನ್ನು ಬಿಡಿಸಿ ಹೇಳಿದಾಗ ದೆಲ್ಫಿನಾ ನಕ್ಕೇಬಿಟ್ಟಿದ್ದಳು. "ನಾನು ನದಿ ದಾಟ್ಲಿಲ್ಲ, ಹಡಗು ಹತ್ಲಿಲ್ಲ. ಚರ್ಚಿಗೆ ಹೋಗಿ ಬಂದೆ ಅಷ್ಟೆ. ಅಷ್ಟಕ್ಕೇ ಪರದೇಶಿ ಆಗ್ಬಿಟ್ಟೆನಾ?"

"ಆಗಿದೀಯಮ್ಮ. ಇದರಿಂದ ಹೊರಗೆ ಬರೋಕೆ ಎರಡೇ ದಾರಿ. ಒಂದು ವಿಚ್ಛೇದನ. ಇನ್ನೊಂದು..." ಪೀಬಾಡಿ ಕೆಮ್ಮಿದ. "ಇನ್ನೊಂದು ನಮ್ಮ ಕೈಲಿಲ್ಲ. ಗಂಡ ತೀರಿಕೊಂಡರೆ ಅವತ್ತೇ ಅರ್ಜಿ ಹಾಕಬಹುದು. ಅರ್ಜಿ ಬಿದ್ದ ಮೇಲೆ ಹೊಲಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ. ಆದ್ರೆ ನೆನಪಿರಲಿ, ಗಡಿ ಮಾತ್ರ ದಾಟಬೇಡಿ. ದಾಟಿದ್ರೆ ಇಬ್ಬರನ್ನೂ ವಾಪಸ್ ಬಿಡಲ್ಲ, ಅರ್ಜಿ ಹಾಕೋಕೂ ಆಗಲ್ಲ."

ವಿಚ್ಛೇದನಕ್ಕೆ ಮೆಹತಾಬ್ ತಯಾರಿದ್ದ. "ಕಾಗದದ ಮೇಲೆ ತಾನೇ? ಒಂದೇ ಮನೇಲಿ ಇರೋಣ," ಎಂದ. ದೆಲ್ಫಿನಾ ಅವನ ಕೆನ್ನೆಗೆ ಬಾರಿಸಿದ್ದಳು. ಹೊಟ್ಟೆಯಲ್ಲಿ ಮಗು ಆಡತೊಡಗಿದ ವಾರ ಅದು. "ಹೊಲಕ್ಕೋಸ್ಕರ ಈ ಕೂಸನ್ನ ತಂದೆಯಿಲ್ಲದ್ದು ಅನ್ನಿಸ್ಲಾ? ದೇವರ ಮುಂದೆ ಕಟ್ಟಿದ್ದನ್ನ ಗುಮಾಸ್ತನ ಮುಂದೆ ಬಿಚ್ಚೋದಿಲ್ಲ." ಆ ಮಾತು ಅಲ್ಲಿಗೇ ನಿಂತಿತ್ತು.

ಮೆಹತಾಬನೂ ಲಾಭ್ ಸಿಂಗನೂ ಗುಂಡಿನ ಸದ್ದು ಕೇಳಿ ಹೊಲದ ಆಚೆ ತುದಿಯಿಂದ ಓಡಿ ಬಂದರು. ಲಾಭ್ ಸಿಂಗ್ ಬೇಸಾಯದಲ್ಲಿ ಪಾಲುದಾರ, ಒಂದೇ ಹಳ್ಳಿಯವನು, ಮೆಹತಾಬನಿಗೆ ತಮ್ಮನಿದ್ದಂತೆ. ಅವನು ಯಾವತ್ತೋ ಕೂದಲು ಕತ್ತರಿಸಿ ಟೋಪಿ ಹಾಕಿದ್ದ. ಮೆಹತಾಬ್ ಮಾತ್ರ ಈ ಸುಡುಬಿಸಿಲಲ್ಲೂ ಮುಂಡಾಸು ಬಿಟ್ಟವನಲ್ಲ.

"ಹೋಗ್ಬಿಡೋಣ ಅಣ್ಣ," ಎಂದ ಲಾಭ್ ಸಿಂಗ್, ಸತ್ತ ಪ್ರಾಣಿಯನ್ನು ನೋಡುತ್ತ. "ಒಂದು ಕತ್ತೆ ಸತ್ತಿದ್ದು ಸಾಕು. ನಾವಿಬ್ಬರು ಬೇರೆ ಯಾಕೆ?"

"ಹಣ್ಣು ಇವತ್ತು ಬಿಡಿಸದಿದ್ರೆ ನಾಳೆ ಬಳ್ಳೀಲೇ ಕೊಳೆಯುತ್ತೆ."

"ಪ್ರಾಣ ಹೋದ್ಮೇಲೆ ಹಣ್ಣು ಕಟ್ಕೊಂಡು ಏನು ಮಾಡ್ತೀಯೋ ಮಾರಾಯ?"

"ಲಾಭ್, ಒಂದ್ಸಲ ಓಡಿದೀನಿ. ಆಗ ಹಲ್ಲು ಬಿಟ್ಟು ಬಂದೆ. ಈಗ ಏನು ಬಿಟ್ಟು ಹೋಗ್ಲಿ, ಇವಳ ಹೊಟ್ಟೆಯೊಳಗಿರೋದನ್ನಾ?" ಮೆಹತಾಬ್ ದೆಲ್ಫಿನಾಳ ಕಡೆ ತಿರುಗಿದ. "ನೀನು ಅಮ್ಮನ ಮನೆಗೆ ಹೋಗು."

"ಯಜಮಾನಿ ನಾನು. ಬೇಕಾದ್ರೆ ನೀನು ಹೋಗು," ಎಂದಳು ಅವಳು. ಒಲೆಯ ಮುಂದೆ ಕೂತು ಮಿಕ್ಕ ಹಿಟ್ಟು ತಟ್ಟಿದಳು. ರೊಟ್ಟಿ ಒಂದೂ ದುಂಡಗೆ ಬರಲಿಲ್ಲ.

ಟ್ಯಾಗರ್ಟ್ ಹೇಳಿದಂತೆ ಉಂಡುಕೊಂಡೇ ಬಂದ. ಈ ಸಲ ಏರಿಯ ಮೇಲೆ ನಿಲ್ಲಲಿಲ್ಲ. ನಾಲ್ಕು ಕುದುರೆಗಳೂ ನೇರ ಬಳ್ಳಿಗಳ ಮೇಲೆ ನುಗ್ಗಿದವು. ಹಣ್ಣುಗಳು ಗೊರಸಿನಡಿ ಪಚಪಚನೆ ಒಡೆದು ಇಡೀ ಹೊಲ ಸಿಹಿ ವಾಸನೆ ಹೊಡೆಯಿತು. ಲಾಭ್ ಸಿಂಗ್ ಎರಡೂ ಕೈ ಎತ್ತಿ, "ಸ್ವಾಮಿ, ಒಂದು ನಿಮಿಷ, ಮಾತಾಡೋಣ," ಎಂದು ಮುಂದೆ ಬಂದ. ಮೊದಲ ಸವಾರ ಬಂದೂಕಿನ ಹಿಂಬದಿಯಿಂದ ಅವನ ಬಾಯಿಗೇ ಕುಟ್ಟಿದ. ಬಿದ್ದವನ ಮೊಣಕಾಲ ಮೇಲೆ ಎರಡನೆಯವನು ಕುದುರೆ ಹಾಯಿಸಿದ. ಮೂಳೆ ಮುರಿದ ಸದ್ದು ಗುಡಿಸಲಿನವರೆಗೂ ಕೇಳಿಸಿತು.

ನೀರು ಕಟ್ಟುವ ಉದ್ದ ಹಿಡಿಯ ಸಲಿಕೆ ಮೆಹತಾಬನ ಕೈಯಲ್ಲಿತ್ತು. ವರ್ಷಗಟ್ಟಲೆ ಮರಳು ಕೊಚ್ಚಿ ಅದರ ಅಲಗು ಮಚ್ಚಿನಷ್ಟು ಹರಿತವಾಗಿತ್ತು. ಲಾಭನನ್ನು ತುಳಿದವನ ತೊಡೆಗೆ ಬೀಸಿದ. ಮಾಂಸ ಸೀಳಿ ಮೂಳೆಗೆ ತಾಗಿತು. ಅವನು ಚೀರುತ್ತ ಕೆಳಗೆ ಉರುಳಿದ. ಇನ್ನೊಬ್ಬನನ್ನು ಕಾಲು ಹಿಡಿದು ಎಳೆದು, ಕೆಸರಿನಲ್ಲಿ ಮುಖ ಒತ್ತಿ, ಎಷ್ಟೋ ವರ್ಷಗಳ ಹಿಂದಿನ ಆ ಬೀದಿಯ ಏಟುಗಳನ್ನೆಲ್ಲ ಅವನ ಬೆನ್ನ ಮೇಲೆ ತೀರಿಸಿದ. ಮೂರನೆಯವನು ಹಿಂದಿನಿಂದ ಮೆಹತಾಬನ ತಲೆಗೆ ಗುರಿಯಿಟ್ಟ. ದೆಲ್ಫಿನಾ ಕೆಂಪಗೆ ಕಾದ ಕಾವಲಿಯನ್ನು ಲಂಗದ ಅಂಚಿನಲ್ಲಿ ಹಿಡಿದು ಬಂದು ಅವನ ಮುಖಕ್ಕೆ ಒತ್ತಿದಳು. ಸುಟ್ಟ ಚರ್ಮದ ವಾಸನೆ ಬಂತು. ಅವನು ಬಂದೂಕು ಬಿಟ್ಟು ಕಾಲುವೆಗೆ ಓಡಿದ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ.

ಆಗ ಟ್ಯಾಗರ್ಟ್ ಗುಂಡು ಹಾರಿಸಿದ.

ಮೆಹತಾಬ್ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತ. ಬೆರಳ ಸಂದಿಯಿಂದ ರಕ್ತ ಉಕ್ಕತೊಡಗಿತು. ಟ್ಯಾಗರ್ಟ್ ಕುದುರೆಯಿಂದ ಇಳಿದು, ಬಿದ್ದ ಬಂದೂಕನ್ನು ಎತ್ತಿಕೊಂಡು, ಕಾಲಿನಿಂದ ಸಲಿಕೆಯನ್ನು ದೂರ ಒದ್ದ.

"ಡಾಕ್ಟ್ರ ಹತ್ರ ಒಯ್ಯಬೇಕು," ಎಂದಳು ದೆಲ್ಫಿನಾ.

"ಒಯ್ಯಿ. ಪೇಟೆಯ ಡಾಕ್ಟ್ರು ನಿಮ್ಮಂಥವರನ್ನ ಮುಟ್ಟಲ್ಲ. ಗಡಿಯಾಚೆ ಆ ಚೀನೀ ವೈದ್ಯ ಇದಾನಲ್ಲ, ಅವನ ಹತ್ರ ಒಯ್ಯಿ," ಎಂದು ಟ್ಯಾಗರ್ಟ್ ಹಲ್ಲು ಬಿಟ್ಟ. "ಗೇಟು ದಾಟಿದ್ರೆ ವಾಪಸ್ ಬಿಡಲ್ಲ, ಗೊತ್ತಲ್ಲ? ನನ್ನ ಕೆಲಸ ನೀನೇ ಮುಗಿಸಿಕೊಟ್ಟ ಹಾಗಾಗುತ್ತೆ."

ಲಾಭ್ ಸಿಂಗ್ ಮುರಿದ ಕಾಲನ್ನು ಎಳೆದುಕೊಂಡು ತೆವಳಿ ಬಂದ. ಮೆಹತಾಬನ ಮುಂಡಾಸನ್ನು ಬಿಚ್ಚಿ, ಗಾಯದ ಸುತ್ತ ಸುತ್ತು ಸುತ್ತಾಗಿ ಬಿಗಿದು, ಹುಲ್ಲಿನ ಹೊರೆಗೆ ಹಾಕುವ ಗಂಟು ಹಾಕಿದ. ಎತ್ತು ಎಳೆದರೂ ಬಿಚ್ಚದ ಗಂಟು ಅದು. ರಕ್ತ ನಿಂತಿತು.

"ಈ ಗಂಟಿದ್ರೆ ಸಂಜೆತನಕ ಜೀವಕ್ಕೆ ಮೋಸ ಇಲ್ಲ ಅತ್ತಿಗೆ. ಓಡಿಸು."

"ನೀನು?"

"ನಾನು ಹೊಲ ಕಾಯ್ತೀನಿ," ಎಂದು ಒಡೆದ ತುಟಿಯಲ್ಲೇ ನಕ್ಕ. "ಓಡಿಹೋಗೋಕೆ ಕಾಲಿಲ್ವಲ್ಲ."

ಇಬ್ಬರೂ ಸೇರಿ ಮೆಹತಾಬನನ್ನು ಹಳೇ ಲಾರಿಯ ಹಿಂದೆ, ಖಾಲಿ ಗೋಣಿಗಳ ಮೇಲೆ ಮಲಗಿಸಿದರು. ದೆಲ್ಫಿನಾ ಮುಂದೆ ಕೂತಳು. ಲಾರಿಯ ಹಿಂಗಾಜು ಎಂದೋ ಒಡೆದುಹೋಗಿತ್ತು, ಅವನ ಮಾತು ಕೇಳಿಸುತ್ತಿತ್ತು. ಗಡಿಗೆ ಹೋಗುವ ರಸ್ತೆ ನೇರ, ಧೂಳಿನದು, ಒಂದು ಮರವಿಲ್ಲ.

"ಎಲ್ಲಿಗೆ ಹೋಗ್ತಿದೀವಿ?"

"ವೈದ್ಯರ ಹತ್ರ."

"ಗಡಿಯಾಚೆಗಾ?" ಅವನು ಹಲಗೆ ಹಿಡಿದು ತಲೆಯೆತ್ತಿದ. "ದೆಲ್ಫಿನಾ, ಲಾರಿ ತಿರುಗಿಸು. ಹೊಲ ಹೋಗುತ್ತೆ."

"ಹೊಲದ ಮನೆ ಹಾಳಾಗ್ಲಿ. ಆಚೆ ಬದುಕೋಣ. ಅಲ್ಲೂ ಮಣ್ಣಿದೆ, ಅಲ್ಲೂ ಮೆಣಸಿನಕಾಯಿ ಬೆಳೆಯುತ್ತೆ. ನೀನು ಬದುಕಿದ್ರೆ ಸಾಕು ನನಗೆ."

"ಮತ್ತೆ ಮೊದಲಿಂದಾನಾ? ನನಗೆ ಎಷ್ಟು ವಯಸ್ಸಾಯ್ತು ಗೊತ್ತಾ ಹುಡುಗಿ? ಇನ್ನೊಂದು ಮರುಭೂಮಿ ಮಟ್ಟ ಮಾಡೋಕೆ ನನ್ನ ಕೈಲಾಗಲ್ಲ." ಅವನ ದನಿಯಲ್ಲಿ ನಗು ಇತ್ತು. "ವಕೀಲರು ಎರಡು ದಾರಿ ಹೇಳಿದ್ರು. ಒಂದಕ್ಕೆ ನೀನು ನನ್ನ ಕೆನ್ನೆಗೆ ಹೊಡೆದೆ."

"ಬಾಯಿ ಮುಚ್ಕೊಂಡು ಮಲಗು. ಮಾತಾಡಿದ್ರೆ ರಕ್ತ ಬರುತ್ತೆ."

"ನಿಮ್ಮೂರಿನ ಮೆಣಸಿನಕಾಯೇ ಖಾರ. ಒಪ್ಕೊಂಡೆ."

ಅವಳು ಅಳುತ್ತಲೇ ನಕ್ಕಳು, ಇನ್ನೂ ಜೋರಾಗಿ ಓಡಿಸಿದಳು. ಆಮೇಲೆ ಅವನು ಮಾತಾಡಲಿಲ್ಲ. ಹೇಳಿದ ಮಾತು ಕೇಳಿ ಮಲಗಿದ್ದಾನೆ ಎಂದುಕೊಂಡಳು. ಮದುವೆಯಾದಾಗಿನಿಂದ ಒಂದು ದಿನವೂ ಹೇಳಿದ್ದು ಕೇಳದವನು ಇವತ್ತು ಯಾಕೆ ಕೇಳಿದ ಎಂದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಗಡಿಯ ತಂತಿಬೇಲಿ ಕಂಡಿತು. ಅವಳು ಚಿಕ್ಕವಳಿದ್ದಾಗ ಇಂಥ ಗೇಟು ದಾಟಿ ಸಿಹಿರೊಟ್ಟಿ ತರುತ್ತಿದ್ದಳು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಈಗ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿದ ಕಾವಲುಗಾರ ಕೈ ಅಡ್ಡ ಹಿಡಿದ.

"ಹೊರಗೆ ಹೋಗೋದು ಸುಲಭ. ಒಳಗೆ ಬರೋಕೆ ಕಾಗದ ಬೇಕು. ಇದೆಯಾ?"

"ಇಲ್ಲ. ಗೇಟು ತೆಗಿ, ಗಂಡ ಸಾಯ್ತಿದಾನೆ."

ಕಾವಲುಗಾರ ಗೇಟಿಗೆ ಕೈ ಹಾಕಿದವನು ತಿರುಗಿ ನೋಡಿದ. "ಅದೇನದು, ನಿನ್ನ ಲಾರಿ ಹಿಂದೆ ಬಟ್ಟೆ ಎಳೀತಿದೆಯಲ್ಲ?"

ದೆಲ್ಫಿನಾ ಇಳಿದು ಹಿಂದಕ್ಕೆ ಹೋದಳು. ಲಾರಿಯ ಹಲಗೆಯ ಸಂದಿಯಿಂದ ಮುಂಡಾಸಿನ ಬಟ್ಟೆ ಹೊರಗೆ ಜೋತು, ಧೂಳಿನಲ್ಲಿ ಉದ್ದಕ್ಕೂ ಬಿದ್ದಿತ್ತು. ಅದರ ಬಣ್ಣ ಹಳದಿಯೆಂದು ಗೊತ್ತಿದ್ದವರು ಮಾತ್ರ ಹೇಳಬಹುದಿತ್ತು. ಗೋಣಿಗಳು ರಕ್ತದಲ್ಲಿ ತೊಯ್ದು ಕಪ್ಪಾಗಿದ್ದವು. ಮೆಹತಾಬ್ ಕಣ್ಣು ತೆರೆದು ಮಲಗಿದ್ದ. ಬಲಗೈ ಹಲಗೆಯಾಚೆ ನೇತಾಡುತ್ತಿತ್ತು, ಮಣಿಕಟ್ಟಿನಲ್ಲಿ ಉಕ್ಕಿನ ಕಡಗ. ಎರಡು ಉಗುರು ಕಿತ್ತುಬಂದಿದ್ದವು. ಲಾಭ್ ಸಿಂಗ್ ಹಾಕಿದ ಗಂಟು ತಾನಾಗಿ ಬಿಚ್ಚುವಂಥದ್ದಲ್ಲ. ಉಗುರಿನಲ್ಲಿ ಕಿತ್ತು ಬಿಚ್ಚಿದ್ದ. ಅವಳು ಮತ್ತೆ ಕಟ್ಟದಿರಲೆಂದು ಬಟ್ಟೆಯನ್ನು ಹೊರಕ್ಕೆ ನೂಕಿದ್ದ.

"ಕಳ್ಳ!" ಎಂದು ಅವಳು ಅವನ ಎದೆಗೆ ಗುದ್ದಿದಳು. "ಮೋಸಗಾರ! ನನ್ನ ಬೆನ್ನ ಹಿಂದೆ ಮಾಡ್ಬಿಟ್ಟೆಯಲ್ಲೋ! ಒಂದು ಮಾತು ಕೇಳ್ಬೇಕಿತ್ತು ನನ್ನ!" ಕೇಳಿದ್ದ. ಬಾಯಿ ಮುಚ್ಕೊಂಡು ಮಲಗು ಎಂದಿದ್ದಳು. ಅದು ನೆನಪಾಗಿ ಅವಳು ಅವನ ಮುಖದ ಮೇಲೆ ಮುಖವಿಟ್ಟು ಕೂಗಿ ಅತ್ತಳು. ಗೇಟಿನಾಚೆ ಸಾಲು ನಿಂತಿದ್ದ ಜನರೂ ಕಣ್ಣೊರೆಸಿಕೊಂಡರು.

ಕಾವಲುಗಾರ ಟೋಪಿ ತೆಗೆದ. "ಅಮ್ಮ, ದಾಟ್ತೀಯಾ?"

ಗೇಟು ಎರಡೇ ಹೆಜ್ಜೆ ಆಚೆಗಿತ್ತು. ದೆಲ್ಫಿನಾ ಅದನ್ನೇ ನೋಡುತ್ತ ನಿಂತಳು. ದಾಟಿದರೆ ಇವನು ಸತ್ತಿದ್ದು ವ್ಯರ್ಥ. ದಾಟದಿದ್ದರೆ, ಇವನು ಸತ್ತಿದ್ದರಿಂದಲೇ ಅವಳು ಬದುಕಬೇಕು. ಅಂಥ ಬದುಕು ಅವಳಿಗೆ ಬೇಡವಾಗಿತ್ತು. ಆದರೆ ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ಅವಳು ಬಟ್ಟೆಯನ್ನು ಧೂಳಿನಿಂದ ಎತ್ತಿ ತೋಳಿಗೆ ಸುತ್ತಿಕೊಂಡು ಲಾರಿ ತಿರುಗಿಸಿದಳು.

ಟ್ಯಾಗರ್ಟ್ ಗುಡಿಸಲ ನೆರಳಲ್ಲಿ ಕೂತು ಕರಬೂಜ ಕೊಯ್ದು ತಿನ್ನುತ್ತಿದ್ದ. ಪೇಟೆಯಿಂದ ಕರೆಸಿದ ಹೊಸ ಆಳುಗಳು ಅಳಿದುಳಿದ ಹಣ್ಣು ತುಂಬುತ್ತಿದ್ದರು. ಲಾಭ್ ಸಿಂಗನನ್ನು ಬೇಲಿಯ ಕಂಬಕ್ಕೆ ಕಟ್ಟಿದ್ದರು. ಲಾರಿ ಬಂದು ನಿಂತಿತು. ದೆಲ್ಫಿನಾಳ ಪಕ್ಕದಲ್ಲಿ ವಕೀಲ ಪೀಬಾಡಿ ಟೋಪಿಯನ್ನು ಮಡಿಲಲ್ಲಿ ಹಿಡಿದು ಬಿಳುಚಿಕೊಂಡು ಕೂತಿದ್ದ. ದಾರಿಯಲ್ಲಿ ಅವನ ಕಚೇರಿಯ ಮುಂದೆ ಲಾರಿ ನಿಲ್ಲಿಸಿ, ಹೆಣ ತೋರಿಸಿ ಕರೆತಂದಿದ್ದಳು.

"ಏನು, ವಾಪಸ್ ಬಂದೆ?" ಎಂದ ಟ್ಯಾಗರ್ಟ್.

"ಅವನು ಸತ್ತ."

"ಅಯ್ಯೋ ಪಾಪ."

"ಗೇಟು ದಾಟೋಕೆ ಮುಂಚೆ ಸತ್ತ. ಈ ಕಡೆ. ನಿನ್ನ ಗುಂಡಿಗೆ." ಅವಳು ಇಳಿದು, ಕೆಸರಿನಲ್ಲಿ ಬಿದ್ದಿದ್ದ ಸಲಿಕೆ ಎತ್ತಿಕೊಂಡಳು. "ನಾನೀಗ ವಿಧವೆ. ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದಿದೀನಿ. ಟ್ಯಾಗರ್ಟ್, ಯಾವ ಕೋರ್ಟೂ ಮಾಡದ ಕೆಲಸ ನೀನು ಮಾಡ್ದೆ. ನನ್ನನ್ನ ಅಮೆರಿಕದವಳನ್ನಾಗಿ ಮಾಡ್ದೆ. ತೊಲಗು ನನ್ನ ಹೊಲದಿಂದ."

ಟ್ಯಾಗರ್ಟ್ ವಕೀಲನ ಮುಖ ನೋಡಿದ. ಪೀಬಾಡಿ ಹೌದೆಂದು ತಲೆಯಾಡಿಸಿದ. ಹೊಸ ಆಳುಗಳು ಲಾರಿಯೊಳಗೆ ಇಣುಕಿ, ಒಬ್ಬೊಬ್ಬರಾಗಿ ಪೆಟ್ಟಿಗೆ ಕೆಳಗಿಟ್ಟು ಹೊರಟರು. ಟ್ಯಾಗರ್ಟ್ ಬಂದೂಕಿಗೆ ಕೈ ಚಾಚಿದ. ದೆಲ್ಫಿನಾ ಸಲಿಕೆ ಬೀಸಿದಳು. ಎರಡು ಬೆರಳು ಕರಬೂಜದ ಸಿಪ್ಪೆಗಳ ನಡುವೆ ಬಿದ್ದವು. ಅವನು ಕೈಯನ್ನು ಕಂಕುಳಲ್ಲಿ ಅಮುಕಿಕೊಂಡು ಊಳಿಡುತ್ತ ಕುದುರೆಯ ಕಡೆಗೆ ಓಡಿದ.

"ನಾನೇನೂ ನೋಡ್ಲಿಲ್ಲ," ಎಂದ ಪೀಬಾಡಿ.

ಹಣ್ಣಿನ ಪೆಟ್ಟಿಗೆಗಳನ್ನೆಲ್ಲ ಒಡೆದು ಕಾಲುವೆಯ ಬದಿಯಲ್ಲಿ ಚಿತೆ ಒಟ್ಟಿದರು. ಕಟ್ಟು ಬಿಚ್ಚಿಸಿಕೊಂಡ ಲಾಭ್ ಸಿಂಗ್ ಕೂತಲ್ಲಿಂದಲೇ ಪ್ರಾರ್ಥನೆ ಹೇಳಿದ, ದೆಲ್ಫಿನಾ ಬೆಂಕಿಯಿಟ್ಟಳು. ಆ ವರ್ಷ ಮಾರಲು ಒಂದು ಹಣ್ಣೂ ಉಳಿಯಲಿಲ್ಲ. ಟ್ಯಾಗರ್ಟನಿಗೆ ಶಿಕ್ಷೆಯೂ ಆಗಲಿಲ್ಲ. ತೀರ್ಪು ಹೇಳಲು ಊರಿನಿಂದ ಆರಿಸಿ ಕೂರಿಸಿದ್ದ ಹನ್ನೆರಡು ಮಂದಿ ನೀರು ಕುಡಿದು ಮುಗಿಸುವಷ್ಟರಲ್ಲಿ ಅವನನ್ನು ಬಿಟ್ಟರು. ಆ ಹನ್ನೆರಡು ಮಂದಿಗೂ ಒಳ್ಳೆಯದಾಗದಿರಲಿ.

ಚಳಿಗಾಲದಲ್ಲಿ ನ್ಯಾಯಾಲಯದಿಂದ ಕರೆ ಬಂತು. ದೆಲ್ಫಿನಾ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಳು. ಎಷ್ಟು ಒಗೆದರೂ ಕಲೆ ಪೂರ್ತಿ ಹೋಗದ ಹಳದಿ ಬಟ್ಟೆಯಲ್ಲಿ ಕೂಸನ್ನು ಸುತ್ತಿದ್ದಳು. ತಾನು ಹುಟ್ಟಿದ ದೇಶಕ್ಕೆ ನಿಷ್ಠಳಾಗಿರುತ್ತೇನೆಂದು ಅವಳಿಂದ ಬಲಗೈ ಎತ್ತಿಸಿ ಹೇಳಿಸಿದರು.

"ಅಭಿನಂದನೆ," ಎಂದರು ನ್ಯಾಯಾಧೀಶರು. "ಇವತ್ತಿನಿಂದ ನೀನು ನಮ್ಮವಳು."

"ಎಷ್ಟು ದಿನಕ್ಕೆ ಸ್ವಾಮಿ?" ಎಂದು ಕೇಳಿದಳು ದೆಲ್ಫಿನಾ.

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿದರು. ಆಮೇಲೆ ಮುಂದಿನವರ ಹೆಸರು ಕೂಗಿಸಿದರು.